ನೆತ್ತಿಗೆ ಸಾಲದ ಲ್ಯಾವೆಂಡರ್ ಎಣ್ಣೆ

ಹೊಸದೊಂದು ವಸ್ತುವಿನ ಗುಣಗಾನ ನನ್ನ ಕಿವಿಗೆ ಬಿದ್ದರೆ, ಅದನ್ನು ಇನ್ನೊಬ್ಬರ ಕಿವಿಗೆ ಹಾಕುವ ತನಕ ಉಂಡ ಅನ್ನ ಅರಗುವುದಿಲ್ಲ. ಇದು ಕಾಯಿಲೆಯೋ ಸದ್ಗುಣವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿದೆ, ನನ್ನ ಮತವೊಂದು ಮಾತ್ರ ಬೇರೆ. ತಾಮ್ರದ ಬಾಟಲಿಯ ನೀರು ಒಳ್ಳೆಯದೆಂದು ತಿಳಿದ ದಿನ ನನ್ನ ಅಂಗಡಿಗೆ ಬಂದವರೆಲ್ಲ ಬೇಕಿರಲಿ ಬೇಡದಿರಲಿ ಒಂದೊಂದು ಲೋಟ ಕುಡಿದೇ ಹೋಗಿದ್ದರು. ಅಗಸೆ ಬೀಜದ ಕಾಲದಲ್ಲಿ ನನ್ನ ಹೆಂಡತಿ ಶೈಲಜಾ ರೊಟ್ಟಿ, ಪಲ್ಯ, ಮಜ್ಜಿಗೆ ಎಲ್ಲದರಲ್ಲೂ ಅದನ್ನು ಹುಡುಕಿ ತೆಗೆದು ಊಟ ಮಾಡಬೇಕಾಯಿತು. ಆಮೇಲೆ ಬಂತು ಅಯಸ್ಕಾಂತದ ಚಪ್ಪಲಿ. ಅದನ್ನು ಮೆಟ್ಟಿಕೊಂಡು ದಾವಣಗೆರೆಯ ನಮ್ಮ ಎಂ.ಸಿ.ಸಿ. ಬಿ ಬ್ಲಾಕಿನ ಪಾರ್ಕಿನಲ್ಲಿ ನಾನು ವಾಕಿಂಗ್ ಹೊರಟರೆ ಪರಿಚಯದವರು ದೂರದಿಂದಲೇ ಫೋನು ಕಿವಿಗಿಟ್ಟುಕೊಂಡು ದಾರಿ ಬದಲಿಸುತ್ತಿದ್ದರು. ಅವರಿಗೆಲ್ಲ ಅದೇ ಹೊತ್ತಿಗೆ ಎಲ್ಲಿಂದ ಫೋನು ಬರುತ್ತಿತ್ತೋ ನನಗೆ ಬಹಳ ದಿನ ಗೊತ್ತಾಗಿರಲಿಲ್ಲ.

ಇಂಥ ನನ್ನ ಮಾತನ್ನು ಈ ಭೂಮಿಯ ಮೇಲೆ ಪೂರ್ತಿ ನಂಬುವ ಜೀವ ಒಂದೇ ಒಂದು. ಅದು ಹರಿಹರದಲ್ಲಿರುವ ನನ್ನ ಅಕ್ಕ ಗಿರಿಜಕ್ಕ. ಮದುವೆಯಾಗಿ ದಾವಣಗೆರೆಯಿಂದ ಹರಿಹರಕ್ಕೆ ಹೋದವಳು, ಅಂದರೆ ಸ್ಕೂಟರಿನಲ್ಲಿ ಹೊರಟರೆ ಬಾಯಲ್ಲಿಟ್ಟುಕೊಂಡ ಎಲೆ ಅಡಿಕೆ ಮುಗಿಯುವುದರೊಳಗೆ ಸಿಗುವಷ್ಟು ದೂರ. ಆದರೂ ದಿನಾ ಸಂಜೆ ಅಂಗಡಿ ಬಾಗಿಲು ಹಾಕುವ ಮುಂಚೆ ಅವಳಿಗೆ ಫೋನು ಮಾಡಬೇಕು. ಅವತ್ತು ನಾನು ಕಲಿತ ಹೊಸ ವಿಷಯವನ್ನೆಲ್ಲ ಹೇಳುತ್ತೇನೆ, ಆಕಡೆಯಿಂದ "ಹೂಂ" ಎನ್ನುತ್ತಾಳೆ. ಸುಮ್ಮನೆ ಹೂಂಗುಟ್ಟುವ ಹೂಂ ಅಲ್ಲ ಅದು, ತುಂಬಿದ ಕೊಡ ಇಳಿಸಿದ ಹಾಗೆ ಭಾರವಾದ, ತೃಪ್ತಿಯಾದ ಹೂಂ. ಕೊನೆಗೆ "ಹಂಗಾರೆ ನಾನೂ ಮಾಡಿ ನೋಡ್ತೀನಿ ಬಿಡು ತಮ್ಮಾ" ಎನ್ನುತ್ತಾಳೆ. ಈ ಒಂದು ಮಾತಿಗಾಗಿ ನಾನು ಇಡೀ ದಿನದ ಅವಮಾನಗಳನ್ನು ಸಹಿಸಬಲ್ಲೆ. ತಾಮ್ರದ ಬಾಟಲಿ, ಅಗಸೆ ಬೀಜ, ಅಯಸ್ಕಾಂತದ ಚಪ್ಪಲಿ, ಬೆನ್ನು ಗುದ್ದುವ ಯಂತ್ರ, ಎಲ್ಲದರಲ್ಲೂ ಅವಳಿಗೂ ಒಂದು ಪಾಲು ಕೊಟ್ಟಿದ್ದೇನೆ. ಮನೆಯವರು ನಂಬದಿದ್ದರೂ ಅಕ್ಕ ನಂಬುತ್ತಾಳೆ ಎಂಬುದೇ ನನ್ನ ಬಲ.

ನನಗೆ ಕೆ.ಬಿ. ಬಡಾವಣೆಯಲ್ಲಿ ಒಂದು ಕನ್ನಡಕದ ಅಂಗಡಿ ಇದೆ. ಒಂದು ದಿನ ಕಡ್ಡಿ ಮುರಿದ ಕನ್ನಡಕ ಹಿಡಿದು ಬಂದ ಗಿರಾಕಿಯೊಬ್ಬರು ಬೆವರು ಒರೆಸಿಕೊಳ್ಳಲು ಕರ್ಚೀಫು ತೆಗೆದರು ನೋಡಿ, ಅಂಗಡಿಯೆಲ್ಲ ಏನೋ ಒಂದು ಘಮ. ಮಲ್ಲಿಗೆಯಲ್ಲ, ಗಂಧವಲ್ಲ, ಒಳ್ಳೆಯ ಸೋಪಿನ ಡಬ್ಬಿ ಮೊದಲ ಸಲ ತೆರೆದಾಗ ಬರುವಂಥದ್ದು, ಅದರಲ್ಲೇ ಒಂಚೂರು ಕರ್ಪೂರ. "ಲ್ಯಾವೆಂಡರ್ ಎಣ್ಣೆ ಇದು. ಕರ್ಚೀಫಿಗೆ ಒಂದು ಹನಿ ಹಾಕ್ಕಂಡ್ರೆ ತಲೆ ಹಗುರ ಆಗ್ತೈತೆ, ನಿದ್ದೆ ಚಲೋ ಬರ್ತೈತೆ" ಎಂದರು ಅವರು. ಕಡ್ಡಿ ಕೂರಿಸುವುದನ್ನು ಅಲ್ಲಿಗೇ ಬಿಟ್ಟು ಎಣ್ಣೆಯ ಹೆಸರು ಬರೆದುಕೊಂಡೆ. ನಿದ್ದೆ ಎಂದೊಡನೆ ನನಗೆ ನೆನಪಾದದ್ದು ಅಕ್ಕ. ಒಂದು ವರ್ಷದಿಂದ ಅವಳಿಗೆ ನಿದ್ದೆ ಸರಿಯಿಲ್ಲ, ಬೆಳಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಏಳುತ್ತಾಳೆ ಎಂದು ಭಾವ ಹೇಳುತ್ತಿದ್ದರು. ಭಾವನ ಮಾತು ಕಡಿಮೆ, ಅವರು ಹೇಳಿದರೆ ವಿಷಯ ದೊಡ್ಡದೇ ಇರುತ್ತದೆ.

ಅವತ್ತೇ ಮನೆಗೆ ಬಂದು ಮೊಬೈಲಿನಲ್ಲಿ ಒಂದು ವಿಡಿಯೋ ಹಚ್ಚಿ ಕೂತೆ. ಅದರಲ್ಲೊಬ್ಬ ಹೆಣ್ಣುಮಗಳು ನೇರಳೆ ಹೂವಿನ ಹೊಲದ ನಡುವೆ ನಿಂತು ಉಪಯೋಗಗಳನ್ನು ಹೇಳುತ್ತಿದ್ದಳು. ದಿಂಬಿನ ಮೂಲೆಗೆ ಒಂದು ಹನಿ, ಬಿಸಿನೀರಿನ ಬಟ್ಟಲಿನಲ್ಲಿ ಒಂದೆರಡು ಹನಿ ಹಾಕಿ ಕೋಣೆಯಲ್ಲಿಡುವುದು, ಬಟ್ಟೆಯ ಬೀರುವಿನಲ್ಲಿ ಹುಳು ಬಾರದಂತೆ ಹತ್ತಿಗೆ ಹಾಕಿಡುವುದು, ದಣಿದ ಕಾಲಿಗೆ ಬೇರೆ ಎಣ್ಣೆಯ ಜೊತೆ ತಿಕ್ಕುವುದು. ಉಪಯೋಗದ ಪಟ್ಟಿ ಮುಗಿಯುವ ಹೊತ್ತಿಗೆ ನನ್ನ ಬೆರಳು ಆಗಲೇ ಆರ್ಡರ್ ಮಾಡುವ ಕಡೆ ಓಡಿತ್ತು. "ಇನ್ನೂ ಐತಲ್ರಿ, ಪೂರ್ತಿ ನೋಡ್ರಿ" ಎಂದಳು ಶೈಲಜಾ. ಉಪಯೋಗ ಗೊತ್ತಾದ ಮೇಲೆ ಇನ್ನೇನು ನೋಡುವುದು ಎಂದು ನಾನು ಫೋನನ್ನು ಅವಳ ಮಡಿಲಿಗೆ ಹಾಕಿ, ಮನೆಯಲ್ಲಿ ಈ ಎಣ್ಣೆಗೆ ಎಲ್ಲೆಲ್ಲಿ ಜಾಗವಿದೆ ಎಂದು ಕೋಣೆ ಕೋಣೆ ಸುತ್ತಾಡಿ ಬಂದೆ.

ಬಾಟಲಿಗಳು ಬಂದವು. ಹೆಬ್ಬೆರಳಿನಷ್ಟು ಪುಟ್ಟವು. ಒಂದು ಮನೆಗೆ, ಒಂದು ಅಂಗಡಿಗೆ, ಒಂದು ಅಕ್ಕನಿಗೆ. ಮೊದಲ ದಿನ ದಿಂಬಿಗೆ ಒಂದೇ ಹನಿ ಹಾಕಿದೆ, ಚೆನ್ನಾಗಿತ್ತು. ಒಂದು ಹನಿ ಇಷ್ಟು ಚೆನ್ನಾಗಿದ್ದರೆ ಹೆಚ್ಚು ಹನಿ ಇನ್ನಷ್ಟು ಚೆನ್ನಾಗಿರಬೇಕಲ್ಲವೇ? ಮರುದಿನ ಶೈಲಜಾ ತನ್ನ ದಿಂಬು ಎತ್ತಿಕೊಂಡು ನಡುಮನೆಗೆ ಹೋಗಿ ಮಲಗಿದಳು. ಅಂಗಡಿಯಲ್ಲಿ ಒಂದು ಹಬೆ ಬಿಡುವ ಯಂತ್ರವಿಟ್ಟು ಅದಕ್ಕೆ ಧಾರಾಳವಾಗಿ ಎಣ್ಣೆ ಸುರಿದೆ. ಪಕ್ಕದ ಹದಡಿ ಊರಿನ ಹಿರಿಯರೊಬ್ಬರು ಹೊಸ ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ಕೂತವರು, "ಯಾಕೋ ಸಾಹೇಬ್ರೆ, ಇದನ್ನ ಹಾಕ್ಕಂಡ್ರೆ ತಲೆನೋವು ಬರ್ತೈತೆ" ಎಂದರು. ನಂಬರು ಮತ್ತೆ ನೋಡಿದೆ, ಸರಿಯಿತ್ತು. ಗಾಜು ಬದಲಿಸಿದೆ, ತಲೆನೋವು ಹೋಗಲಿಲ್ಲ. ಪಾಪ, ಅವರು ಹೊರಗೆ ಹೋಗಿ ನಿಂತಾಗ ಕಡಿಮೆಯಾಗುತ್ತಿತ್ತು, ಒಳಗೆ ಬಂದರೆ ಹೆಚ್ಚಾಗುತ್ತಿತ್ತು. ಬಿಸಿಲಿನ ಬೆಳಕಿಗೂ ಟ್ಯೂಬ್‌ಲೈಟಿಗೂ ಇರುವ ವ್ಯತ್ಯಾಸದ ಬಗ್ಗೆ ನಾನು ಅವರಿಗೆ ಬಹಳ ಹೊತ್ತು ವಿವರಿಸಿದೆ. ಅವರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಕೇಳಿದರು. ಆಗಲೂ ನನಗೆ ಹೊಳೆಯಲಿಲ್ಲ, ಉತ್ಸಾಹ ಅಂದರೆ ಅಂಥದ್ದು.

ಅಕ್ಕನ ಬಾಟಲಿಯನ್ನು ನಾನೇ ಹರಿಹರಕ್ಕೆ ಹೋಗಿ ಕೊಟ್ಟೆ. ಅವಳ ಮನೆ ಹೊಳೆ ಕಡೆಯ ಓಣಿಯಲ್ಲಿದೆ. ನಡುಮನೆಯಲ್ಲಿ ಕೂತು ಎಲ್ಲ ಉಪಯೋಗಗಳನ್ನೂ ಒಂದೂ ಬಿಡದೆ ಹೇಳಿದೆ. ವಿಡಿಯೋದವಳು ಹೇಳದ ಕೆಲವನ್ನೂ ಆ ಹೊತ್ತಿನ ಹುರುಪಿನಲ್ಲಿ ಸೇರಿಸಿರಬೇಕು. ಅಕ್ಕ ಬಿರಡೆ ತೆಗೆದು ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ಅವತ್ತಿನ ಹೂಂ ಎಂದಿಗಿಂತ ಉದ್ದವಾಗಿತ್ತು. "ತಂಪು ಏನೋ ಇದು?" ಎಂದು ಕೇಳಿದಳು. "ತಂಪು ಅಂದ್ರೆ ತಂಪು ಅಕ್ಕಾ, ಮಿದುಳಿಗೇ ತಂಪು" ಎಂದೆ. ಈ ಒಂದು ಮಾತು ಆಡಬಾರದಿತ್ತು.

ಯಾಕೆಂದರೆ ನಮ್ಮ ಮನೆತನದಲ್ಲಿ ತಂಪು ಎಂಬ ಗುಣವುಳ್ಳ ಎಣ್ಣೆಗೆ ಹೋಗಲು ಒಂದೇ ಜಾಗ, ಅದು ನೆತ್ತಿ. ನಾವು ಚಿಕ್ಕವರಿದ್ದಾಗ ಅವ್ವ ಮಣೆಯ ಮೇಲೆ ಕೂರಿಸಿ, ಅಂಗೈ ಗುಳಿ ತುಂಬ ಹರಳೆಣ್ಣೆ ಸುರಿದುಕೊಂಡು ನೆತ್ತಿಯ ಮೇಲೆ ಪಟಪಟನೆ ತಟ್ಟುತ್ತಿದ್ದಳು. ಎಣ್ಣೆ ಹಣೆಯ ಮೇಲೆ ಇಳಿದು ಮೂಗಿನ ತುದಿಗೆ ಬಂದು ತೊಟ್ಟಿಕ್ಕಿದರೆ ಮಾತ್ರ ಹಚ್ಚಿದ್ದು ಸರಿಯಾಯಿತು ಎಂದು ಲೆಕ್ಕ. ಆಮೇಲೆ ಎಳೆ ಬಿಸಿಲಿಗೆ ಕೂರಬೇಕು, ಆಮೇಲೆ ಹಂಡೆಯ ಸುಡುನೀರು, ಸೀಗೆಪುಡಿ. ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಹಾಕುವವರು ನಮ್ಮ ಕಡೆ ಗಡಿಯಾರ ರಿಪೇರಿಯವರು ಮಾತ್ರ. ಈ ಪದ್ಧತಿಯನ್ನು ಅಕ್ಕ ಇವತ್ತಿಗೂ ಶುಕ್ರವಾರ ಶುಕ್ರವಾರ ಬಿಡದೆ ನಡೆಸಿಕೊಂಡು ಬಂದವಳು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಾಟಲಿ ಕೊಡುವಾಗ ನೆನಪಾಗಬೇಕಲ್ಲ.

ಆ ಶುಕ್ರವಾರ ಬೆಳಗ್ಗೆ ಅಂಗಡಿಗೆ ಕಾಲೇಜಿನ ಲೆಕ್ಚರರ್ ಒಬ್ಬರು ಬಂದರು. ಓದುವ ಕನ್ನಡಕ ಮಾಡಿಸಿಕೊಂಡು ಹೋಗಿದ್ದರು. "ಸಣ್ಣ ಅಕ್ಷರ ಕಾಣೋದೇ ಇಲ್ರಿ" ಎಂದು ಅವರ ದೂರು. ಅಂಗಡಿಯಲ್ಲಿ ಓದಿಸಲು ಇಟ್ಟಿರುವ ಅಚ್ಚಿನ ಕಾರ್ಡು ಎಲ್ಲೋ ಕೈತಪ್ಪಿತ್ತು. ಕೈಗೆ ಸಿಕ್ಕಿದ್ದು ಮೇಜಿನ ಮೇಲಿದ್ದ ಲ್ಯಾವೆಂಡರ್ ಬಾಟಲಿ. ಅದರ ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಇಂಗ್ಲಿಷಿನಲ್ಲಿ ಏನೋ ಮುದ್ರಿಸಿತ್ತು. "ಇದನ್ನ ಓದ್ರಿ ಸಾರ್, ಇದು ಕಂಡ್ರೆ ಜಗತ್ತಿನಾಗಿರೋದೆಲ್ಲ ಕಂಡಂಗೆ" ಎಂದೆ. ಅವರು ಬಾಟಲಿಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಪಾಠ ಮಾಡುವ ದನಿಯಲ್ಲಿ ಓದತೊಡಗಿದರು. ರೂಢಿಯ ಬಲ, ಒಂದೊಂದು ವಾಕ್ಯ ಓದಿದ ಮೇಲೂ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. "ನೇರವಾಗಿ ಚರ್ಮಕ್ಕೆ ಹಚ್ಚಬಾರದು. ಬೇರೆ ಎಣ್ಣೆಯಲ್ಲಿ ಬೆರೆಸಿಯೇ ಬಳಸಬೇಕು. ಕಣ್ಣಿಗೆ ತಾಗಬಾರದು. ಕುಡಿಯಬಾರದು. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಗರ್ಭಿಣಿಯರು ವೈದ್ಯರನ್ನು ಕೇಳಿ ಬಳಸಬೇಕು." ನನಗೆ ಹಿಡಿಸಲಾರದಷ್ಟು ಖುಷಿ. "ನೋಡಿದ್ರಾ ಸಾರ್, ಒಂದಕ್ಷರ ತಪ್ಪಿಲ್ಲ. ಕನ್ನಡಕ ಫಸ್ಟ್ ಕ್ಲಾಸ್ ಐತೆ" ಎಂದು ಅವರ ಕೈ ಕುಲುಕಿದೆ.

ಅವರು ಮೆಟ್ಟಿಲಿಳಿದು ಹೋದ ಮೇಲೆ ಅವರು ಓದಿದ್ದು ನಿಧಾನವಾಗಿ ನನ್ನ ತಲೆಗೆ ಇಳಿಯತೊಡಗಿತು. ಊರಿನ ಜನಕ್ಕೆಲ್ಲ ಸಣ್ಣ ಅಕ್ಷರ ಕಾಣುವ ಹಾಗೆ ಮಾಡಿ ಹೊಟ್ಟೆ ಹೊರೆಯುವ ನಾನು ಆ ಬಾಟಲಿಯ ಮುಂದಿನ ದೊಡ್ಡ ಅಕ್ಷರ ಬಿಟ್ಟು ಬೇರೇನನ್ನೂ ಓದಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಅಕ್ಕ.

"ತಮ್ಮಾ, ಎಂಥಾ ಸಣ್ಣ ಬಾಟ್ಲಿ ಕೊಟ್ಟೀಯೋ? ಇಡೀದು ಸುರುವಿದ್ರೂ ಒಂದು ನೆತ್ತಿಗೆ ಸಾಲಲಿಲ್ಲ. ಮುಂದಿನ ಸಲ ದೊಡ್ಡದು ತಗಂಬಾ."

"ಬೇರೆ ಎಣ್ಣೆ ಏನಾರ ಕೂಡಿಸಿದ್ದೇನಕ್ಕಾ?" ಎಂದೆ.

"ಯಾಕ ಕೂಡಿಸ್ಲಿ? ಇಷ್ಟು ಚಲೋ ಎಣ್ಣೆಗೆ ಕೊಬ್ರಿ ಎಣ್ಣೆ ಕೂಡಿಸಿ ಕೆಡಿಸ್ಲೇನು? ಹಚ್ಕಂಡು ಬಿಸ್ಲಿಗೆ ಕುಂತೀನಿ. ಸ್ವಲ್ಪ ಚುರುಚುರು ಅಂತೈತೆ. ತಂಪು ಇಳಿಯಾಕತ್ತೈತೆ ಅಂತ ಕಾಣ್ತೈತೆ. ಇರು, ನೀರು ಕಾದೈತೆ" ಎಂದವಳೇ ಫೋನು ಇಟ್ಟಳು.

ಮತ್ತೆ ಮಾಡಿದೆ, ಎತ್ತಲಿಲ್ಲ. ಭಾವನಿಗೆ ಮಾಡಿದೆ. "ಸ್ನಾನಕ್ಕೆ ಹೋದ್ಲು" ಎಂದರು. ಬಾಗಿಲು ಬಡಿದು ಕರೆಯಿರಿ, ಬಿಸಿನೀರು ಹಾಕಿಕೊಳ್ಳುವುದು ಬೇಡ ಅನ್ನಿ, ಎಣ್ಣೆ ಕಣ್ಣಿಗೆ ಇಳಿದೀತು ಎಂದು ಬೇಡಿಕೊಂಡೆ. ಭಾವ, "ಎಣ್ಣೆನೀರಿಗೆ ಹೋದಾಕೀನ ನಾನು ಈವರೆಗೂ ಕರೆದಿಲ್ಲ. ನೀನೇ ಬಾ" ಎಂದರು. ಶೈಲಜಾಗೆ ಫೋನು ಮಾಡಿ ತೊದಲಿದೆ. ಅವಳು ನನ್ನನ್ನು ಪೂರ್ತಿ ಹೇಳಲೂ ಬಿಡಲಿಲ್ಲ. "ನೀರು ಒಂದರಿಂದಲೇ ಹೋಗಲ್ಲ ಅದು. ಮೊದಲು ಕೊಬ್ರಿ ಎಣ್ಣೆ ಹಚ್ಚಿ ಒರೆಸ್ಬೇಕು, ಆಮೇಲೆ ಸೋಪು, ಉಗುರುಬೆಚ್ಚಗಿನ ನೀರು. ಆಮೇಲೆ ಡಾಕ್ಟರಿಗೆ ತೋರಿಸ್ರಿ" ಎಂದಳು. ನಿನಗೆ ಹೇಗೆ ಗೊತ್ತು ಎಂದರೆ, "ಉಪಯೋಗ ನೀವು ನೋಡಿದ್ರಿ. ಉಳಿದಿದ್ದು ನಾನು ನೋಡಿದೆ" ಎಂದಳು.

ಶಟರ್ ಅರ್ಧ ಎಳೆದು ಸ್ಕೂಟರ್ ಹತ್ತಿದೆ. ಅವತ್ತಿನ ಹರಿಹರದ ದಾರಿ ನನ್ನ ಶತ್ರುವಿಗೂ ಬೇಡ. ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ರಸ್ತೆ ತುಂಬ ತುಂಬಿಕೊಂಡು ಆರಾಮಾಗಿ ಹೋಗುತ್ತಿತ್ತು. ಅದರ ಹಿಂದೆ ಹಾರ್ನ್ ಒತ್ತುತ್ತಾ ನಾನು ಅಕ್ಕನ ಕಣ್ಣುಗಳನ್ನೇ ನೆನೆಯುತ್ತಿದ್ದೆ. ನಾನು ಅಂಗಡಿ ಇಟ್ಟಾಗ ಮೊದಲ ಗಿರಾಕಿ ಅವಳೇ. ಆಗ ಅವಳ ನೋಟದಲ್ಲಿ ಯಾವ ದೋಷವೂ ಇರಲಿಲ್ಲ, ತಮ್ಮನ ಬೋಣಿ ಆಗಲಿ ಎಂದು ಬರೀ ಗಾಜಿನ ಕನ್ನಡಕ ಮಾಡಿಸಿಕೊಂಡು ಹೋಗಿದ್ದಳು. ಆ ಕಣ್ಣಿಗೆ ಏನಾದರೂ ಆದರೆ ಎಂಬುದೊಂದು ಸಂಕಟ. ಅದರ ಹಿಂದೆಯೇ, ಹೇಳಲು ನಾಚಿಕೆಯಾಗುತ್ತದೆ, ಇನ್ನೊಂದು ಸಂಕಟ. ಇವತ್ತಿನಿಂದ ಅಕ್ಕನೂ ನನ್ನ ಮಾತು ನಂಬುವುದಿಲ್ಲ, ನಾಳೆ ಸಂಜೆ ಫೋನು ಮಾಡಿದರೆ ಆಕಡೆಯಿಂದ ಹೂಂ ಬರುವುದಿಲ್ಲ. ಆಮೇಲೆ ನಾನು ಯಾರಿಗೆ ಹೇಳಲಿ?

ಓಣಿಯ ತಿರುವಿನಲ್ಲೇ ಲ್ಯಾವೆಂಡರ್ ವಾಸನೆ ಬಂತು. ಅಕ್ಕ ಸ್ನಾನ ಮುಗಿಸಿ ಜಗಲಿಯ ಮೇಲೆ ಕೂದಲು ಹರವಿಕೊಂಡು ಕೂತಿದ್ದಳು. ಹಣೆ, ಕಿವಿಯ ಸುತ್ತ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಆದರೆ ಕಣ್ಣುಗಳು ಸ್ವಚ್ಛವಾಗಿದ್ದವು. ಎಣ್ಣೆ ಇಳಿಯದಂತೆ ಹುಬ್ಬಿನ ಮೇಲೆ ಪಂಚೆಯ ಅಂಚನ್ನು ಪಟ್ಟಿ ಕಟ್ಟಿಕೊಂಡೇ ಹಚ್ಚಿಕೊಂಡಿದ್ದಳಂತೆ, ಅವ್ವನ ಕೈಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತ ಪಾಠ ಅದು. ಚಪ್ಪಲಿ ಬಿಡುವುದನ್ನೂ ಮರೆತು ಜಗಲಿ ಹತ್ತಿ ಆ ಕಣ್ಣುಗಳನ್ನು ಹತ್ತಿರದಿಂದ ನೋಡಿದೆ. "ಬಾ ಕುಂದ್ರು. ತಲೆ ಮೇಲೆ ಹಸಿಮೆಣಸಿನಕಾಯಿ ಅರೆದಂಗಾಗೈತೆ" ಎಂದಳು ಅಕ್ಕ, ಊಟಕ್ಕೆ ಏನು ಮಾಡಿದ್ದೇನೆಂದು ಹೇಳುವಷ್ಟೇ ಸಲೀಸಾಗಿ. ಕೊಬ್ಬರಿ ಎಣ್ಣೆ ಎಲ್ಲಿದೆ ಎಂದು ಕೇಳಿ ಒಳಗೆ ಓಡಿದೆ.

ಅಡುಗೆಮನೆಯ ಕಪಾಟು ತೆರೆದವನು ಒಂದು ಗಳಿಗೆ ನಿಂತುಬಿಟ್ಟೆ. ಕಪಾಟಿನ ಪಕ್ಕದಲ್ಲೇ, ನಾನು ಕೊಟ್ಟ ತಾಮ್ರದ ಬಾಟಲಿಯಲ್ಲಿ ಮನಿಪ್ಲಾಂಟ್ ಬಳ್ಳಿ ಸೊಂಪಾಗಿ ಬೆಳೆದು ಕಿಟಕಿಗೆ ಹಬ್ಬಿತ್ತು. ಬೆನ್ನು ಗುದ್ದುವ ಯಂತ್ರ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿತ್ತು. ಅಗಸೆ ಬೀಜದ ಪೊಟ್ಟಣ ನಾನು ಕಟ್ಟಿದ ಗಂಟಿನಲ್ಲೇ ಇತ್ತು. ಅಟ್ಟದ ಅಂಚಿನಲ್ಲಿ ಅಯಸ್ಕಾಂತದ ಚಪ್ಪಲಿ, ಪ್ಲಾಸ್ಟಿಕ್ ಕವರು ಸಹಿತ, ನೆಲ ಕಾಣದ ಚಪ್ಪಲಿ. ಎಲ್ಲವನ್ನೂ ಧೂಳು ಕೂರದಂತೆ ಒರೆಸಿ ಇಟ್ಟಿದ್ದಳು ಎಂಬುದು ಬೇರೆ ಮಾತು. ಕೊಬ್ಬರಿ ಎಣ್ಣೆಯ ಡಬ್ಬಿ ತೆಗೆದುಕೊಂಡು ಹೊರಗೆ ಬಂದೆ. ಅವಳ ಹಿಂದೆ ಮಣೆ ಹಾಕಿಕೊಂಡು ಕೂತು, ನೆತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ಹತ್ತಿಯಿಂದ ಒರೆಸತೊಡಗಿದೆ. ಎಣ್ಣೆ ತೆಗೆಯಲು ಎಣ್ಣೆ ಹಚ್ಚುವ ಈ ಕೆಲಸವನ್ನು ಭಾವ ಪೇಪರ್ ಮಡಿಚಿಟ್ಟು ನೋಡಿದರು. ಆಮೇಲೆ ಸೋಪು, ಬೆಚ್ಚಗಿನ ನೀರು, ಅದೂ ಮತ್ತೆ ಮತ್ತೆ. ಉರಿ ಇಳಿಯಿತು ಎಂದಳು.

ಪಕ್ಕದ ರಸ್ತೆಯ ಡಾಕ್ಟರಮ್ಮ ನೋಡಿ, ಗುಳ್ಳೆ ಎದ್ದಿಲ್ಲ, ಗಾಬರಿ ಬೇಡ ಎಂದು ಮುಲಾಮು ಬರೆದುಕೊಟ್ಟರು. ಬೈಗುಳ ಮಾತ್ರ ನನ್ನ ಪಾಲಿಗೆ. "ಇದು ಅಡಿಗೆ ಎಣ್ಣೆ, ತಲೆ ಎಣ್ಣೆ ಇದ್ದಂಗಲ್ಲ ಸ್ವಾಮಿ. ರಾಶಿ ರಾಶಿ ಹೂವಿನ ಸಾರ ಒಂದು ಬಾಟಲಿಯಾಗೆ ಐತೆ. ಹಚ್ಚಲೇಬೇಕು ಅಂದ್ರೆ ಒಂದು ಚಮಚ ಕೊಬ್ರಿ ಎಣ್ಣೆಗೆ ಒಂದೆರಡು ಹನಿ. ಅದೂ ಮೊದಲು ಮೊಣಕೈ ಒಳಗೆ ಒಂಚೂರು ಹಚ್ಚಿ, ಒಂದು ದಿನ ಬಿಟ್ಟು ನೋಡಿ ಆಮೇಲೆ. ಉಬ್ಬಸ ಇರೋರ ಹತ್ರ, ಸಣ್ಣ ಮಕ್ಕಳ ಹತ್ರ ಹಬೆ ಗಿಬೆ ಬಿಡೋಕೆ ಹೋಗ್ಬೇಡ್ರಿ" ಎಂದರು. ಅಂಗಡಿಯ ಯಂತ್ರವೂ ಹದಡಿಯ ಹಿರಿಯರ ತಲೆನೋವೂ ಆಗ ನನ್ನ ಕಣ್ಣ ಮುಂದೆ ಬಂದವು. ಅವರಿಗೆ ನಾನು ಬೆಳಕಿನ ಬಗ್ಗೆ ಮಾಡಿದ ಉಪನ್ಯಾಸವೂ ಬಂತು.

ಮನೆಗೆ ವಾಪಸು ಬಂದು ಜಗಲಿಯಲ್ಲಿ ಕೂತೆವು. ಅಕ್ಕ ನನಗೆ ಮಂಡಕ್ಕಿ ಕಲಸಿ ಕೊಟ್ಟಳು. ಅವಳ ಕೈಯೂ ಲ್ಯಾವೆಂಡರ್ ಆದ್ದರಿಂದ ಮಂಡಕ್ಕಿಯೂ ಲ್ಯಾವೆಂಡರ್. ತಿನ್ನುತ್ತಾ ತಡೆಯಲಾರದೆ ಕೇಳಿಯೇಬಿಟ್ಟೆ. "ಅಕ್ಕಾ, ಚಪ್ಪಲಿ ಒಂದಿನಾನೂ ಹಾಕ್ಕಂಡಿಲ್ಲ. ತಾಮ್ರದ ಬಾಟ್ಲಿಯಾಗೆ ಬಳ್ಳಿ ಬೆಳೆಸೀಯ. ನಾನು ಹೇಳಿದ್ದು ನೀನು ನಂಬ್ತಿದ್ದಿ ಅಂದ್ಕಂಡಿದ್ದೆ."

ಅಕ್ಕ ನಕ್ಕಳು, ನಕ್ಕಾಗ ಹಣೆ ಉರಿಯಿತೇನೋ, ಅದರ ಮೇಲೆ ಕೈ ಇಟ್ಟುಕೊಂಡಳು. "ನಾನು ಯಾವತ್ತು ನಂಬಿದ್ದೆನೋ? ಸಣ್ಣಾವಿದ್ದಾಗಿಂದ ನೀನು ಹಿಂಗೇ. ಖುಷಿಯಿಂದ ಹೇಳ್ತೀಯ. ಕೇಳೋರು ಯಾರೂ ಇಲ್ಲ ಅಂದ್ರೆ ಮುಖ ಸಣ್ಣದು ಮಾಡ್ಕಂತೀಯ. ಅದಕ್ಕೆ ಹೂಂ ಅಂತೀನಿ."

"ಮತ್ತೆ ಇದನ್ನ ಯಾಕ ಹಚ್ಕಂಡಿ?"

"ಇದು ಮೂಗಿಗೆ ಬಾಳ ಚಲೋ ಅನಿಸ್ತು. ಪಾಪ, ಇಷ್ಟು ವರ್ಷ ಹೇಳ್ಯಾನೆ, ಒಂದು ಸಲನಾರ ನಂಬಿ ನೋಡಾಣ ಅಂತ ನಂಬಿದೆ" ಎಂದಳು ಅಕ್ಕ. ಭಾವ ಪೇಪರಿನ ಹಿಂದಿನಿಂದ ಮೊದಲ ಸಲ ನಕ್ಕಿದ್ದು ಕೇಳಿಸಿತು.

ಅಕ್ಕನ ಹಣೆ ಈಗ ಸರಿಯಾಗಿದೆ. ಹೊಸ ಬಾಟಲಿಯಿಂದ ಒಂದೇ ಹನಿ, ಅದೂ ದಿಂಬಿನ ಮೂಲೆಗೆ ಹಾಕಿಕೊಂಡು ಮಲಗುತ್ತಾಳೆ. ನಿದ್ದೆ ಮೊದಲಿಗಿಂತ ಪರವಾಗಿಲ್ಲ ಎಂದು ಭಾವ ಹೇಳಿದ್ದಾರೆ. ಹದಡಿಯ ಹಿರಿಯರನ್ನು ಕರೆಸಿ ನಿಜ ಹೇಳಿ ಕ್ಷಮೆ ಕೇಳಿದ್ದಾಯಿತು, ಅವರ ಹಳೆಯ ಗಾಜನ್ನೇ ಮತ್ತೆ ಕೂರಿಸಿಕೊಟ್ಟೆ. ಅಂಗಡಿಯ ಬಾಟಲಿ ಬಿಗಿಯಾಗಿ ಮುಚ್ಚಿಕೊಂಡು ಮೇಜಿನ ಮೇಲೇ ಇದೆ, ಓದುವ ಕನ್ನಡಕದವರ ಕೈಗೆ ಅದನ್ನೇ ಕೊಟ್ಟು ಹಿಂದಿನ ಅಕ್ಷರ ಓದಿಸುತ್ತೇನೆ. ಎಚ್ಚರಿಕೆಗಳ ವಿಷಯದಲ್ಲಿ ನನಗೀಗ ಎಷ್ಟು ಹುರುಪು ಬಂದಿದೆಯೆಂದರೆ ಪಾರ್ಕಿನಲ್ಲಿ ಪರಿಚಯದವರಿಗೆ ಮತ್ತೆ ಫೋನುಗಳು ಬರತೊಡಗಿವೆ. ಸಂಜೆಯಾದರೆ ಹರಿಹರಕ್ಕೆ ಫೋನು ಮಾಡುತ್ತೇನೆ. ನಿನ್ನೆ ನುಗ್ಗೆಸೊಪ್ಪಿನ ಪುಡಿಯ ಬಗ್ಗೆ ಹೇಳಿದೆ, ಈ ಸಲ ಯಾರು ತಿನ್ನಬಾರದು ಎಂಬುದರಿಂದಲೇ ಶುರುಮಾಡಿದೆ. ಆಕಡೆಯಿಂದ ಅದೇ ತುಂಬಿದ ಕೊಡದ ಹೂಂ ಬಂತು. ಅದರ ಒಳಗೇನಿದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಆದರೂ ಮಾತು ನಿಲ್ಲಿಸಲು ಮನಸ್ಸು ಬರಲಿಲ್ಲ, ನುಗ್ಗೆಯ ಉಪಯೋಗಗಳನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದೆ.